ಎಲ್ಲಿಗೆ ಎಂದು ಕೇಳದ ಪೆಟ್ಟಿಗೆ

ಕರಾವಳಿಯ ಬೋಟುಗಳ ಸುರಕ್ಷತೆ ನೋಡಿಕೊಳ್ಳುವ ಅಧಿಕಾರಿಗಳಿಗೆ

ಮಾನ್ಯರೇ,

ನನ್ನ ಅಡುಗೆಮನೆಯಲ್ಲಿ, ಅಕ್ಕಿ ಡಬ್ಬಿಯ ಮೇಲಿನ ಹಲಗೆಯಲ್ಲಿ ಇಟ್ಟಿರುವ ಹಳೆಯ ಕಂಪ್ಯೂಟರೊಂದನ್ನು ಜುಲೈ ಮೂವತ್ತೊಂದರ ಸಂಜೆಯೊಳಗೆ ಬಂದ್ ಮಾಡಬೇಕೆಂದು ತಾವು ನೋಟೀಸು ಕಳಿಸಿದ್ದೀರಿ. ‘ಸದರಿ ಅನಧಿಕೃತ ಸಾಧನ’ ಎಂದು ಅದಕ್ಕೆ ಹೆಸರಿಟ್ಟಿದ್ದೀರಿ. ತಪ್ಪಿದಲ್ಲಿ ಕಾನೂನು ಕ್ರಮ ಎಂದೂ ಬರೆದಿದ್ದೀರಿ. ಮರುದಿನ, ಅಂದರೆ ಆಗಸ್ಟ್ ಒಂದರ ಬೆಳಿಗ್ಗೆ, ಎರಡು ತಿಂಗಳ ಮಳೆಗಾಲದ ನಿಷೇಧ ಮುಗಿದು ನಮ್ಮ ಬೋಟುಗಳು ಕಡಲಿಗೆ ಇಳಿಯುತ್ತವೆ. ಒಂದರಲ್ಲಿ ನನ್ನ ಗಂಡ ಇರುತ್ತಾರೆ. ಸುತ್ತಿಬಳಸಿ ಹೇಳುವುದು ನನಗೆ ಬರುವುದಿಲ್ಲ. ನನಗೆ ಹೆದರಿಕೆಯಾಗಿದೆ. ನಿಮ್ಮ ನೋಟೀಸಿಗೆ ಹೆದರಿಕೆ, ಕಡಲಿಗೆ ಹೆದರಿಕೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಪೆಟ್ಟಿಗೆಯ ಜಾಗಕ್ಕೆ ನೀವು ತಂದು ಕೂರಿಸುತ್ತಿರುವ ವ್ಯವಸ್ಥೆಗೆ ಹೆದರಿಕೆ. ನಿಮ್ಮ ಕಚೇರಿಗೆ ಮೂರು ಸಲ ಅರ್ಜಿ ಹಾಕಿದೆ, ಉತ್ತರ ಬರಲಿಲ್ಲ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಹೆಸರು ಸುಚಿತಾ. ಊರು ಬೆಳಕೆ. ಭಟ್ಕಳ ಪೇಟೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಊರವರ ರೇಷನ್ ಕಾರ್ಡು, ಪಿಂಚಣಿ, ಮಕ್ಕಳ ಸ್ಕಾಲರ್‌ಶಿಪ್ಪು ಎಲ್ಲದರ ಆನ್‌ಲೈನ್ ಅರ್ಜಿ ತುಂಬಿಸುವವಳು ನಾನೇ. ಡಿಪ್ಲೊಮಾದಲ್ಲಿ ಕಂಪ್ಯೂಟರ್ ಕಲಿತಿದ್ದೇನೆ, ವಯರು ಎಳೆಯಲು ಬರುತ್ತದೆ. ಗಂಡ ದೇವು ‘ಮಾಸ್ತಿಯಮ್ಮ’ ಎಂಬ ಬೋಟಿನಲ್ಲಿ ದುಡಿಯುತ್ತಾರೆ. ಆ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು, ಜಟ್ಟ ಮಾವ. ನನ್ನ ಅತ್ತೆ ಸುಬ್ಬಿಯ ಸ್ವಂತ ತಮ್ಮ. ಅತ್ತೆಯ ಮಗ ಮತ್ತು ತಮ್ಮ ಇಬ್ಬರೂ ಒಂದೇ ಹಲಗೆಯ ಮೇಲೆ ನಿಂತು ಕಡಲಿಗೆ ಹೋಗುತ್ತಾರೆ. ಅತ್ತೆ ಮೀನು ಬುಟ್ಟಿ ಹೊತ್ತು ಮೂವತ್ತು ವರ್ಷ ಮನೆಮನೆ ತಿರುಗಿದವರು. ಅವರಿಗೆ ಓದು ಬರಹ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಕೇರಿಯ ಒಂದು ಪದ್ಧತಿಯೂ ನಿಮಗೆ ಗೊತ್ತಿರಬೇಕು. ಕಡಲಿಗೆ ಹೊರಟ ಗಂಡಸಿಗೆ ‘ಎಲ್ಲಿಗೆ’ ಎಂದು ಯಾರೂ ಕೇಳುವುದಿಲ್ಲ. ಹೆಂಡತಿ ಕೇಳಬಾರದು, ತಾಯಿ ಕೇಳಬಾರದು, ಗೊತ್ತಿಲ್ಲದೆ ಕೇಳಿದ ಮಗುವಿನ ತಲೆಗೂ ಮೊಟಕು ಬೀಳುತ್ತದೆ. ಕೇಳಿದರೆ ಅಪಶಕುನ ಎನ್ನುತ್ತಾರೆ. ಅಪಶಕುನದ ಹಿಂದೆ ಹೊಟ್ಟೆಪಾಡೂ ಇದೆ. ಮೀನು ನಿಲ್ಲುವ ಜಾಗಗಳ ಗುರುತು ಪ್ರತಿ ತಾಂಡೇಲನ ಗುಟ್ಟು. ಯಾವ ಗುಡ್ಡದ ತುದಿಗೆ ಯಾವ ಗೋಪುರ ಸರಿಯಾಗಿ ಬಂದಾಗ ಬಲೆ ಬಿಡಬೇಕು ಎಂಬುದನ್ನು ಜಟ್ಟ ಮಾವ ತಮ್ಮ ಹೆಂಡತಿಗೂ ಹೇಳಿಲ್ಲ. ‘ಹೆಂಡ್ತಿಗೆ ಹೇಳೂದೂ ಒಂದೇ, ಬಂದರದಲ್ಲಿ ಮೈಕು ಕಟ್ಟೂದೂ ಒಂದೇ’ ಎಂದು ಅವರು ಹೇಳುವಾಗ ಅವರ ಹೆಂಡತಿ ಅಲ್ಲೇ ಕೂತು ಎಲೆ ಅಡಿಕೆ ಹಾಕುತ್ತಿರುತ್ತಾರೆ. ಹಾಗಾಗಿ ನಮ್ಮ ಹೆಂಗಸರಿಗೆ ಉಳಿದಿರುವುದು ಒಂದೇ ಪ್ರಶ್ನೆ. ಸಂಜೆ ಹೊತ್ತಿಗೆ ಬೇಲಿಯ ಮೇಲಿಂದ ಒಬ್ಬರನ್ನೊಬ್ಬರು ಕೇಳುವುದು: ‘ಬಂದ್ರಾ?’

ಇನ್ನು ನನ್ನ ತಪ್ಪಿನ ಕಥೆ. ಹೌದು, ತಪ್ಪು ನನ್ನದೇ, ಬೇರೆಯವರ ತಲೆಗೆ ಕಟ್ಟುವುದಿಲ್ಲ. ನಮ್ಮಲ್ಲಿ ಬೋಟಿನ ವಸ್ತುವೆಲ್ಲ ಬೋಟಿನ ಹೆಸರಿಗೇ ಇರುತ್ತದೆ. ಯಜಮಾನಿಕೆಯಲ್ಲಿ ನಾಲ್ಕಾರು ಪಾಲು, ದುಡಿಯುವವರು ಹಂಗಾಮಿಗೊಮ್ಮೆ ಬದಲಾಗುತ್ತಾರೆ, ಬೋಟು ಮಾತ್ರ ಬದಲಾಗುವುದಿಲ್ಲ. ಬಲೆ ಮಾಸ್ತಿಯಮ್ಮನದು, ಇಂಜಿನ್ನು ಮಾಸ್ತಿಯಮ್ಮನದು, ಕ್ಯಾಬಿನ್ನಿನಲ್ಲಿ ನೇತು ಹಾಕಿದ ಫೋನೂ ಮಾಸ್ತಿಯಮ್ಮನದು. ಆ ಫೋನಿಗೆ ದೊಡ್ಡ ಕಂಪನಿಯೊಂದರ ಖಾತೆ ಬೇಕಾದಾಗ ನಾನು ಅದನ್ನೂ ಮಾಸ್ತಿಯಮ್ಮನ ಹೆಸರಿನಲ್ಲೇ ತೆರೆದೆ. ಕಂಪನಿಯ ಹೆಸರು ಬರೆಯುವುದಿಲ್ಲ. ನಿಮಗೂ ಗೊತ್ತು, ನನಗೂ ಗೊತ್ತು, ಮೇಲಾಗಿ ಅವರ ವಕೀಲರ ಸಂಖ್ಯೆ ನಮ್ಮ ಊರಿನ ಜನಸಂಖ್ಯೆಗಿಂತ ಜಾಸ್ತಿ ಇರಬಹುದು. ಅದೇ ಖಾತೆಯನ್ನು ನನ್ನ ಫೋನಿಗೂ ಹಾಕಿಕೊಂಡೆ. ಬೋಟು ಟವರಿನ ಹತ್ತಿರ ಇದ್ದಾಗಲೆಲ್ಲ ನಕಾಶೆಯ ಮೇಲೆ ಒಂದು ಚುಕ್ಕಿ ಕಾಣುತ್ತಿತ್ತು. ನಾನು ನೋಡುತ್ತೇನೆಂದು ಜಟ್ಟ ಮಾವನಿಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು. ನಾನೂ ನೋಡದವಳ ಹಾಗೆ ಇದ್ದೆ.

ಡಿಸೆಂಬರಿನಲ್ಲಿ ಆ ಖಾತೆಗೆ ಒಂದು ಸಂದೇಶ ಬಂತು. ‘ನಿಮ್ಮ ಸುರಕ್ಷತೆಗಾಗಿ, ನಿಮ್ಮ ಹುಟ್ಟಿದ ದಿನಾಂಕ ತಿಳಿಸಿ.’ ಅಂಗಡಿಯಲ್ಲಿ ಗಿರಾಕಿಗಳ ಸಾಲು. ನಾನು ಜಟ್ಟ ಮಾವನಿಗೆ ಫೋನ್ ಮಾಡಿ, ‘ಮಾವ, ಮಾಸ್ತಿಯಮ್ಮನ ಹುಟ್ಟಿದ ದಿನ ಕೇಳ್ತಿದ್ರು’ ಎಂದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ‘ನೀರಿಗಿಳಿದ ದಿನವೇ ಹುಟ್ಟಿದ ದಿನ, ಮತ್ತೆಂತ?’ ಎಂದು ತಾರೀಖು ಹೇಳಿ, ಕೇಳದಿದ್ದರೂ ತಿಥಿ ನಕ್ಷತ್ರವನ್ನೂ ಸೇರಿಸಿದರು. ನಾನು ತಾರೀಖು ತುಂಬಿಸಿದೆ. ತಪ್ಪಾಗಬಾರದೆಂದು ಎರಡು ಸಲ ನೋಡಿದೆ. ದಿನಕ್ಕೆ ಐವತ್ತು ಜನರ ಜನ್ಮದಿನ ಒಂದಕ್ಷರ ತಪ್ಪದೆ ತುಂಬಿಸುವವಳು, ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಹುಟ್ಟಿದ ದಿನವನ್ನೇ ಬರೆದೆ. ಸಂಕ್ಷಿಪ್ತವಾಗಿ ಹೇಳಬೇಕೆಂದರೆ, ಮಾನ್ಯರೇ, ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲಿ ಒಂದಕ್ಕೆ ನಾನು ನಮ್ಮ ಬೋಟಿಗೆ ಮೂರು ವರ್ಷ ಎಂದು ತಿಳಿಸಿದೆ. ಕಂಪನಿ ನನಗೆ ಧನ್ಯವಾದ ಹೇಳಿತು.

ಆಮೇಲೆ ಬೋಟಿನ ಮೇಲ್‌ಗೆ ಎಚ್ಚರಿಕೆಗಳು ಬಂದವಂತೆ. ಹದಿಮೂರು ತುಂಬದ ಮಕ್ಕಳು ಪಾಲಕರ ಒಪ್ಪಿಗೆಯಿಲ್ಲದೆ ಖಾತೆ ಇಟ್ಟುಕೊಳ್ಳುವಂತಿಲ್ಲ, ತಿಂಗಳೊಳಗೆ ಸರಿಪಡಿಸಿ ಎಂದು. ಬೋಟಿಗೆ ಬಂದ ಮೇಲ್ ಯಾರು ಓದುತ್ತಾರೆ? ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ತಿಂಗಳು ತುಂಬಿತು. ಖಾತೆಗೆ ಬೀಗ ಬಿತ್ತು. ಅವತ್ತು ಮಾಸ್ತಿಯಮ್ಮ ನಾಲ್ಕು ಜನರನ್ನು ಹೊತ್ತು ಕಡಲಲ್ಲಿದ್ದಳು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಪೆಟ್ಟಿಗೆಗೆ ನೀರು ಹೊಕ್ಕು ಇಂಜಿನ್ನು ಸತ್ತಿತು, ಅದರ ಜೊತೆಗೇ ವೈರ್‌ಲೆಸ್ ಸೆಟ್ಟೂ ಸತ್ತಿತು. ದಡ ದೂರ, ಫೋನಿಗೆ ಸಿಗ್ನಲ್ ಇಲ್ಲ. ಇದೆಲ್ಲ ನಮಗೆ ಆಮೇಲೆ ತಿಳಿದ ಸಂಗತಿ. ಅವತ್ತು ಗೊತ್ತಿದ್ದದ್ದು ಇಷ್ಟೇ. ಮಧ್ಯಾಹ್ನ ಮೂರಕ್ಕೆ ಬರುವ ಬೋಟು ಐದಾದರೂ ಬರಲಿಲ್ಲ.

ಫೋನು ತೆಗೆದೆ. ಚುಕ್ಕಿ ಇಲ್ಲ, ನಕಾಶೆಯೂ ಇಲ್ಲ. ‘ನಮಸ್ಕಾರ ಮಾಸ್ತಿಯಮ್ಮ! ಮುಂದುವರಿಯಲು ನಿಮ್ಮ ಅಪ್ಪ ಅಥವಾ ಅಮ್ಮನನ್ನು ಕರೆಯಿರಿ’ ಎಂದಿತ್ತು. ಪಕ್ಕದಲ್ಲಿ ಒಂದು ಬಲೂನಿನ ಚಿತ್ರ. ಆ ಬಲೂನು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಕಂಪನಿಗೆ ಫೋನ್ ನಂಬರ್ ಇಲ್ಲ. ಭಾಷೆ ಇಲ್ಲದ, ಮುಖ ಇಲ್ಲದ ಒಂದು ಅರ್ಜಿ ಇತ್ತು. ವಯಸ್ಸಿನ ದಾಖಲೆ ಕೇಳಿತು. ಬೋಟಿನ ನೋಂದಣಿ ಪತ್ರ ಹಾಕಿದೆ. ಭಾವಚಿತ್ರ ಕೇಳಿತು. ನೀರಿಗಿಳಿಸಿದ ದಿನ ಮೂತಿಗೆ ಕುಂಕುಮ ಹಚ್ಚಿ ಸೇವಂತಿಗೆ ಮಾಲೆ ಹಾಕಿ ತೆಗೆದ ಫೋಟೋ ಹಾಕಿದೆ. ನಾಲ್ಕೇ ನಿಮಿಷದಲ್ಲಿ ತಿರಸ್ಕಾರವಾಯಿತು: ‘ಮುಖ ಸ್ಪಷ್ಟವಾಗಿಲ್ಲ.’ ಕೊನೆಗೆ ಬೋಟಿನ ತಾಯಿ ನಾನೇ ಎಂದು ಬರೆದು ಒಪ್ಪಿಗೆ ಕೊಟ್ಟೆ. ಮೂರು ಕೆಲಸದ ದಿನಗಳಲ್ಲಿ ಪರಿಶೀಲಿಸುತ್ತೇವೆ ಎಂದಿತು. ಹನ್ನೊಂದು ಗಂಟೆಯ ತನಕ ಬೋಟು ಎಲ್ಲಿತ್ತೆಂಬ ಗುರುತು ಆ ಕಂಪನಿಯ ಯಾವುದೋ ಕಟ್ಟಡದಲ್ಲಿ ತಣ್ಣಗೆ ಕೂತಿತ್ತು. ಅದೊಂದು ಸಿಕ್ಕಿದ್ದರೆ, ಆ ತಿಂಗಳ ನೀರು ಎತ್ತ ಎಳೆಯುತ್ತದೆಂದು ನಿಂತಲ್ಲೇ ಹೇಳುವ ತಾಂಡೇಲರು ನಮ್ಮ ಬಂದರದಲ್ಲಿ ಹತ್ತು ಜನ ಇದ್ದರು. ಗುರುತು ನಮ್ಮದು, ಬೋಟು ನಮ್ಮದು, ಅದರಲ್ಲಿದ್ದ ಗಂಡಸರು ನಮ್ಮವರು. ನೋಡುವ ಹಕ್ಕು ಮಾತ್ರ ನಮಗೆ ಇರಲಿಲ್ಲ.

ಅಲ್ಲಿಂದ ನಿಮ್ಮ ಕಚೇರಿಗೆ ಓಡಿದೆ. ಆಗಷ್ಟೇ ನಿಮ್ಮ ಹೊಸ ಆ್ಯಪಿನ ಪ್ರಯೋಗ ಶುರುವಾಗಿತ್ತು. ಅಲ್ಲಿದ್ದ ಸಿಬ್ಬಂದಿ ಒಳ್ಳೆಯ ಮನುಷ್ಯ, ಪಾಪ, ನೀರು ಕೊಟ್ಟು ಕೂರಿಸಿದರು. ಪರದೆ ನನ್ನ ಕಡೆ ತಿರುಗಿಸಿ, ‘ಹೆದರಬೇಡ ತಂಗಿ, ಇಲ್ಲಿ ಉಂಟು ನೋಡು, ನೇತ್ರಾಣಿಗೆ ಹೋಗಿದ್ದಾರೆ’ ಎಂದರು. ನಿಮ್ಮ ಆ್ಯಪು ಕೇಳುವ ಮೊದಲನೇ ಪ್ರಶ್ನೆ ಯಾವುದು ಗೊತ್ತಲ್ಲ? ‘ಎಲ್ಲಿಗೆ ಹೊರಟಿದ್ದೀರಿ?’ ಉತ್ತರ ಕೊಡದೆ ಮುಂದಿನ ಪುಟ ತೆರೆಯುವುದಿಲ್ಲ. ಹೊರಡುವ ಹೊತ್ತಲ್ಲಿ ಹೆತ್ತ ತಾಯಿ ಕೇಳದ ಪ್ರಶ್ನೆ! ಪಟ್ಟಿಯಲ್ಲಿ ಮೊದಲು ಕಂಡ ಹೆಸರು ಒತ್ತಿ ದೇವು ಕೈ ತೊಳೆದುಕೊಂಡಿದ್ದರು. ನಾನು ಪರದೆ ನೋಡಿದೆ. ಅವತ್ತು ಹದಿನಾಲ್ಕು ಬೋಟುಗಳು ನೇತ್ರಾಣಿಗೆ ಹೋಗಿದ್ದವು. ಅಷ್ಟು ಬೋಟು ಸುತ್ತ ನಿಂತರೆ ಆ ನಡುಗಡ್ಡೆಯೇ ಕಾಣಲಿಕ್ಕಿಲ್ಲ. ‘ಅಲ್ಲಿಗೆ ಹೋಗಿರೂದಿಲ್ಲ ಸರ್’ ಎಂದೆ. ‘ಹಾಗಾದ್ರೆ ಎಲ್ಲಿಗೆ?’ ಎಂದು ಕೇಳಿದರು. ಎಂಟು ವರ್ಷದ ಸಂಸಾರದಲ್ಲಿ ನಾನು ಒಂದು ದಿನವೂ ಕೇಳಿರಲಿಲ್ಲ. ‘ಹೆಂಡ್ತಿಗೂ ಗೊತ್ತಿಲ್ವಾ?’ ಎಂದು ಅವರು ಅಚ್ಚರಿಪಟ್ಟರು. ನಿಮ್ಮವರು ಹುಡುಕಲು ಹೋದರು, ಇಲ್ಲ ಎನ್ನುವುದಿಲ್ಲ. ನೇತ್ರಾಣಿಗೆ ಹೋದರು.

ಬೋಟು ಬಡಗಣ ಕಡೆಗೆ ತೇಲುತ್ತಿತ್ತು. ಇಪ್ಪತ್ತೊಂಬತ್ತು ಗಂಟೆ. ಮರುದಿನ ಸಂಜೆ ಕುಮಟೆಯ ಎದುರು, ದಡದ ಮರಗಳು ಗೀಟಿನ ಹಾಗೆ ಕಾಣುವಷ್ಟು ದೂರದಲ್ಲಿ, ಹೊನ್ನಾವರದ ರಾಜೀವ ಎಂಬವರ ಬೋಟಿಗೆ ಅವರು ಸಿಕ್ಕಿದರು. ಹುಡುಕಿ ಸಿಕ್ಕಿದ್ದಲ್ಲ. ರಾಜೀವರು ತಮ್ಮ ಬಲೆ ಎಳೆಯಲು ಹೋದವರು, ಯಾರೋ ಅಂಗಿ ಬೀಸುವುದು ಕಂಡು ಹತ್ತಿರ ಹೋದರು. ಬೋಟು ಕಟ್ಟಿ ಎಳೆದು ಶರಾವತಿಯ ಅಳಿವೆ ದಾಟಿಸಿ ಹೊನ್ನಾವರಕ್ಕೆ ತಂದರು. ನಾನು ಬಂದರಕ್ಕೆ ಹೋದಾಗ ದೇವು ಕಟ್ಟೆಯ ಮೇಲೆ ಮಲಗಿದ್ದರು, ತುಟಿ ಒಡೆದು ರಕ್ತ ಕಪ್ಪಾಗಿತ್ತು. ನನ್ನನ್ನು ನೋಡಿ ಅತ್ತರು. ನಾನು ಅಳಲಿಲ್ಲ, ಬೈದೆ. ಯಾಕೆ ಬೈದೆನೋ ಗೊತ್ತಿಲ್ಲ. ಜಟ್ಟ ಮಾವ ಎದ್ದು ಕೂತು ಕೇಳಿದ ಮೊದಲ ಮಾತು, ‘ಗುರುತು ಯಾರಿಗಾದ್ರೂ ಹೇಳಿದ್ಯನೇ?’ ‘ಗೊತ್ತಿದ್ರಲ್ಲ ಮಾವ ಹೇಳೂಕೆ!’ ಎಂದು ಕಿರುಚಿದೆ. ಅವರು ತಲೆ ತಗ್ಗಿಸಿದರು. ಮುದುಕರ ಆ ತಗ್ಗಿದ ತಲೆಯಲ್ಲೇ ನನ್ನ ಪೆಟ್ಟಿಗೆ ಹುಟ್ಟಿತು ಎಂದರೆ ತಪ್ಪಲ್ಲ. ವಾರ ಕಳೆದ ಮೇಲೆ ಅವರೇ ನಮ್ಮ ಮನೆಗೆ ಬಂದು, ‘ಕೇಳದೆ ತಿಳಿಯೂಕೆ ದಾರಿ ಉಂಟನೇ?’ ಎಂದರು.

ದಾರಿ ಇತ್ತು. ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಕಂಪ್ಯೂಟರು ತಂದೆ. ಪಕ್ಕದ ಅಂಗಡಿಯ ನವಾಯತ ಸಾಹೇಬರು ಹಳೆಯ ಇನ್ವರ್ಟರು ಕೊಟ್ಟರು. ಮನೆ ಹಿಂದಿನ ಗುಡ್ಡದ ಮೇಲೆ ಪೈಪು ನಿಲ್ಲಿಸಿ ಆಂಟೆನಾ ಕಟ್ಟಿದೆವು. ಪ್ರತಿ ಬೋಟಿನ ಬಾವುಟದ ಕೋಲಿಗೂ ಸೋಪಿನ ಡಬ್ಬಿಯಷ್ಟು ಒಂದು ರೇಡಿಯೋ, ಅದಕ್ಕೆ ತನ್ನದೇ ಬ್ಯಾಟರಿ. ಲೈಸೆನ್ಸ್ ಬೇಡದ ತರಂಗದಲ್ಲಿ ಹತ್ತು ನಿಮಿಷಕ್ಕೊಮ್ಮೆ ತಾನಿರುವ ಜಾಗ ಹೇಳುತ್ತದೆ. ನೀವು ನೋಟೀಸಿನಲ್ಲಿ ‘ಪ್ರಸಾರ’ ಎಂದು ಬರೆದದ್ದು ಅದನ್ನೇ. ಈಗ ಹನ್ನೊಂದು ಬೋಟು ಸೇರಿವೆ. ಹನ್ನೊಂದು ಮನೆಗೂ ವಯರು ಎಳೆದಿದ್ದೇವೆ. ಈ ವಯರು ಕೇರಿ ಬಿಟ್ಟು ಹೊರಗೆ ಹೋಗುವುದಿಲ್ಲ, ಇಂಟರ್ನೆಟ್ಟು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪ್ರತಿ ಮನೆಯ ಜಗುಲಿಯಲ್ಲಿ ಒಂದು ಸಣ್ಣ ಹಸಿರು ಬಲ್ಬು. ಬೋಟಿನ ದನಿ ಪೆಟ್ಟಿಗೆಗೆ ಕೇಳುತ್ತಿರುವ ತನಕ ಅದು ಉರಿಯುತ್ತದೆ. ಒಂದು ಗಂಟೆ ದನಿ ಬಾರದಿದ್ದರೆ ಆರುತ್ತದೆ. ಅತ್ತೆಗೆ ಓದಲು ಬರುವುದಿಲ್ಲ ಎಂದೆನಲ್ಲ. ಬಲ್ಬು ಓದಲು ಬರುತ್ತದೆ.

ನಿಯಮ ಮಾಡಿದ್ದು ನಾನಲ್ಲ, ತಾಂಡೇಲರು ನಮ್ಮ ಜಗುಲಿಯಲ್ಲಿ ಕೂತು ಎರಡು ಸಂಜೆ ಜಗಳಾಡಿ ಮಾಡಿದ್ದು. ಬೋಟು ಬದುಕಿದೆ ಎಂಬುದು ಎಲ್ಲರಿಗೂ ಕಾಣಬೇಕು. ಎಲ್ಲಿದೆ ಎಂಬುದು ಯಾರಿಗೂ ಕಾಣಬಾರದು, ನನಗೂ ಸಹ. ಬಲ್ಬು ಆರಿದರೆ ಮಾತ್ರ ಆ ಮನೆಯವರು ಬಂದು ತಮ್ಮ ಗುಟ್ಟಿನ ಪದ ಒತ್ತಿ ಕೊನೆಯ ಗುರುತು ತೆಗೆಯಬೇಕು. ಬೋಟು ಬಂದರಕ್ಕೆ ಬಂದ ಕೂಡಲೇ ಆ ದಿನದ ಗುರುತೆಲ್ಲ ಅಳಿಸಿಹೋಗಬೇಕು. ಒಬ್ಬ ತಾಂಡೇಲ, ಗಣಪಿ ಮಾವ, ಹುಟ್ಟಾ ಅನುಮಾನದ ಮನುಷ್ಯ, ‘ಇದು ನಮ್ಮ ಗುರುತು ಬೇರೆಯವರಿಗೆ ಮಾರೂದಿಲ್ಲ ಅಂತ ಎಂತ ಗ್ಯಾರಂಟಿ?’ ಎಂದರು. ಅದಕ್ಕೆ ಅತ್ತೆ, ‘ಗ್ಯಾರಂಟಿ ಎಂತದ್ದು? ಅನುಮಾನ ಬಂದ್ರೆ ಅಡುಗೆಮನೆಗೆ ಬಂದು ವಯರು ಕಿತ್ತು ಹಾಕು. ಬಪ್ಪಾಗ ಕಾಲು ತೊಳ್ಕಂಡು ಬಾ’ ಎಂದರು. ಗಣಪಿ ಮಾವ ಮರುದಿನವೇ ಬೋಟು ಸೇರಿಸಿದರು. ಇಂಥದೊಂದು ಕರಾರುಪತ್ರ ಆ ದೊಡ್ಡ ಕಂಪನಿಯಿಂದ ನಿಮಗೆ ಸಿಕ್ಕಿದೆಯೇ? ಅವರ ಅಡುಗೆಮನೆ ಎಲ್ಲಿದೆ ಎಂದಾದರೂ ಗೊತ್ತೇ?

ಕುಮಟೆಯಲ್ಲಿ ನೀವು ಕರೆದ ಜಾಗೃತಿ ಸಭೆಗೆ ನಾನೂ ಬಂದಿದ್ದೆ. ಸಮೋಸ ಚೆನ್ನಾಗಿತ್ತು. ಕಂಪನಿಯವರು ಟೈ ಕಟ್ಟಿಕೊಂಡು ಬಂದಿದ್ದರು. ಆಗಸ್ಟಿನಿಂದ ಎಲ್ಲ ಬೋಟಿಗೂ ಆ್ಯಪು ಕಡ್ಡಾಯ, ಅದಕ್ಕೆ ಇದೇ ಕಂಪನಿಯ ಖಾತೆ ಕಡ್ಡಾಯ, ಇಲ್ಲದಿದ್ದರೆ ಡೀಸೆಲ್ ಇಲ್ಲ ಎಂದರು. ನಾನು ಎದ್ದು ನಿಂತೆ. ‘ಖಾತೆಗೆ ಬೀಗ ಬಿದ್ರೆ ಯಾರಿಗೆ ಫೋನ್ ಮಾಡೂದು?’ ಎಂದೆ. ‘ಆ್ಯಪಿನಲ್ಲೇ ಸಹಾಯ ಎಂಬ ಬಟನ್ ಇದೆ.’ ‘ಬೀಗ ಬಿದ್ದ ಮೇಲೆ ಆ್ಯಪು ತೆರೆಯೂದಿಲ್ಲಲ್ಲ?’ ‘ಅದಕ್ಕೂ ಸಹಾಯ ಪುಟದಲ್ಲಿ ಉತ್ತರ ಇದೆ ಮೇಡಂ.’ ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಮಾಸ್ತಿಯಮ್ಮನ ಖಾತೆಗೆ ಇವತ್ತಿಗೂ ಬೀಗವೇ. ಬೋಟಿಗೆ ಹದಿಮೂರು ತುಂಬಿದ ಮೇಲೆ ಬರಬಹುದಂತೆ. ಸಭೆ ಮುಗಿದ ಮೇಲೆ ನಿಮ್ಮ ಕಚೇರಿಯವರೊಬ್ಬರು ಕಿವಿಯಲ್ಲಿ, ‘ಬೇರೆ ಖಾತೆ ಮಾಡಿ, ಯಾವುದಾದ್ರೂ ಹಳೆ ಇಸವಿ ಹಾಕಿ’ ಎಂದರು. ಕಂಪನಿಗೆ ನಾನು ನಿಜ ಬರೆದೆ, ಬಾಗಿಲು ಹಾಕಿತು. ನಿಮಗೆ ನನ್ನ ಗಂಡ ಸುಳ್ಳು ಬರೆದರು, ಚೆನ್ನಾಗಿ ಒಪ್ಪಿಕೊಂಡಿರಿ. ಈಗ ಸುಳ್ಳು ಬರೆಯಿರಿ ಎಂದು ನೀವೇ ಬುದ್ಧಿ ಹೇಳುತ್ತೀರಿ. ಸುಳ್ಳು ಹುಟ್ಟಿದ ದಿನ, ಸುಳ್ಳು ದಾರಿ, ಇವೆರಡನ್ನೂ ನಂಬಿ ನಾಲ್ಕು ಜನರನ್ನು ಕಡಲಿಗೆ ಕಳಿಸಬೇಕು. ಆಗಸ್ಟ್ ಒಂದರಂದು ನಿಮ್ಮ ಪರದೆಯಲ್ಲಿ ನೇತ್ರಾಣಿಯ ಸುತ್ತ ಇಡೀ ತಾಲೂಕಿನ ಬೋಟುಗಳು ಕಾಣುತ್ತವೆ, ಬರೆದಿಟ್ಟುಕೊಳ್ಳಿ.

ದೇಶದ ಭದ್ರತೆ ಎಂದು ನೋಟೀಸಿನಲ್ಲಿ ಒಂದು ಸಾಲಿದೆ. ಅದನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆ ಸಾಲು ಓದಿದಾಗಿನಿಂದ ಗೇಟಿನ ಎದುರು ಬೈಕು ನಿಂತರೆ ಕಿಟಕಿಯಿಂದ ಇಣುಕಿ ನೋಡುತ್ತೇನೆ. ನಾವು ಭಟ್ಕಳದವರು, ನಮ್ಮೂರಿನ ಹೆಸರು ಹೇಳಿದರೆ ಹೊರಗಿನವರ ಮುಖ ಹೇಗಾಗುತ್ತದೆಂದು ನಮಗೆ ಗೊತ್ತು. ಬೋಟುಗಳು ಎಲ್ಲಿವೆ ಎಂಬ ಮಾಹಿತಿ ಕೆಟ್ಟವರ ಕೈಗೆ ಸಿಗಬಾರದು, ಒಪ್ಪಿದೆ. ಹಾಗಾದರೆ ಬೆಳಕೆಯ ಅಡುಗೆಮನೆಯಲ್ಲಿ ಸಂಜೆಯೊಳಗೆ ಅಳಿಸಿಹೋಗುವ ಗುರುತು ಅಪಾಯ, ಸಮುದ್ರದಾಚೆಯ ಕಟ್ಟಡದಲ್ಲಿ ಯಾವತ್ತೂ ಅಳಿಸದ ಗುರುತು ಕ್ಷೇಮ, ಇದು ಯಾವ ನ್ಯಾಯ? ಬಂದು ಪರೀಕ್ಷೆ ಮಾಡಿ ಎಂದು ಮೂರು ಸಲ ಬರೆದೆ. ಮೊಹರು ಹಾಕಿ, ನಿಮ್ಮದೊಂದು ಗುಟ್ಟಿನ ಪದ ಇಡಿ, ಬಲ್ಬು ಆರಿದರೆ ನಿಮ್ಮ ಕಚೇರಿಯಲ್ಲೂ ಗಂಟೆ ಹೊಡೆಯುವ ಹಾಗೆ ಮಾಡಿಕೊಡುತ್ತೇನೆ ಎಂದೂ ಬರೆದೆ. ಬಂದದ್ದು ನೋಟೀಸು.

ನನ್ನ ಪೆಟ್ಟಿಗೆ ಕೆಡುವುದೇ ಇಲ್ಲ ಎಂದು ಜಂಬ ಕೊಚ್ಚುತ್ತಿಲ್ಲ. ಉಪ್ಪು ಗಾಳಿಗೆ ತುಕ್ಕು ಹಿಡಿಯುತ್ತದೆ, ವಾರಕ್ಕೊಮ್ಮೆ ಒರೆಸಬೇಕು. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಕೆಂಪಿರುವೆ ಹೊಕ್ಕು ಹನ್ನೊಂದು ಮನೆಯ ಬಲ್ಬೂ ಒಟ್ಟಿಗೆ ಆರಿದವು. ಆಗ ಎದ್ದ ಗೋಳು ಕೇಳಬೇಕಿತ್ತು ನೀವು. ನಾನು ಚಪ್ಪಲಿಯಿಲ್ಲದೆ ಸುಡುವ ಹೊಯ್ಗೆಯಲ್ಲಿ ಮನೆಯಿಂದ ಮನೆಗೆ ಓಡಿದೆ. ‘ಬೋಟಿಗೆ ಎಂತ ಆಗ್ಲಿಲ್ಲ, ಇರುವೆ ಹೊಕ್ಕಿದ್ದು, ಇರುವೆ!’ ಎಂದು ಕೂಗಿದೆ. ಅಂಗಾಲು ಬೊಬ್ಬೆ ಎದ್ದಿತು. ಗಣಪಿ ಮಾವನ ಮಗಳು ಕಲ್ಪನಾ ಬೈಯುತ್ತಲೇ ಮಜ್ಜಿಗೆ ಕೊಟ್ಟಳು. ಮಾನ್ಯರೇ, ವ್ಯತ್ಯಾಸ ಇಷ್ಟೇ. ನನ್ನದು ಕೆಟ್ಟರೆ ಬೈಯಲು ನಾನು ಎದುರಿಗೆ ಸಿಗುತ್ತೇನೆ. ಅವರದು ಕೆಟ್ಟರೆ ಬಲೂನಿನ ಚಿತ್ರ ಸಿಗುತ್ತದೆ.

ಹಾಗಂತ ನಾನು ಧೈರ್ಯವಂತೆ ಎಂದು ತಿಳಿಯಬೇಡಿ. ದೇವು ಹೇಳುತ್ತಾರೆ, ‘ಸರ್ಕಾರದ ಸಂಗಡ ಜಗಳ ಎಂತಕ್ಕೆ, ತೆಗೆದುಬಿಡು. ಮೊದಲೆಲ್ಲ ಬಲ್ಬು ಇತ್ತನೇ?’ ಇರಲಿಲ್ಲ, ನಿಜ. ಮೊದಲು ಹೋದವರು ಬಾರದಿದ್ದರೆ ಕಡಲಮ್ಮ ಕರೆದಳು ಎನ್ನುತ್ತಿದ್ದರು. ಈಗ ಹಾಗೆ ಹೇಳಿ ಸುಮ್ಮನಿರಲು ನನಗೆ ಆಗುವುದಿಲ್ಲ, ಯಾಕೆಂದರೆ ಆ ಮಂಗಳವಾರ ಕರೆದದ್ದು ಕಡಲಮ್ಮನಲ್ಲ ಎಂದು ನನಗೆ ಗೊತ್ತಿದೆ. ನಾನು ಟೈಪ್ ಮಾಡಿದ ಒಂದು ತಾರೀಖು, ನೀವು ಕೇಳಿದ ಒಂದು ಪ್ರಶ್ನೆ, ಇಷ್ಟಕ್ಕೇ ನಾಲ್ಕು ಹೆಣ ಬೀಳಬೇಕಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ಕೂತವಳು ಬೇರೆಯವರ ಅರ್ಜಿಯಲ್ಲಿ ಹುಟ್ಟಿದ ದಿನಾಂಕದ ಜಾಗಕ್ಕೆ ಬಂದಾಗ ಈಗಲೂ ಬೆರಳು ನಿಲ್ಲುತ್ತದೆ. ನೋಟೀಸು ಪಾಲಿಸದಿದ್ದರೆ ಅಂಗಡಿಗೆ ಬೀಗ ಬೀಳಬಹುದು, ನನ್ನನ್ನು ಠಾಣೆಗೆ ಕರೆಯಬಹುದು. ಪಾಲಿಸಿದರೆ ಏನಾಗಬಹುದೆಂದು ಒಮ್ಮೆ ನೋಡಿ ಬಂದಿದ್ದೇನೆ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕು, ನೀವೇ ಹೇಳಿ.

ಬೋಟು ಬಾರದ ಆ ಸಂಜೆಯಿಂದ ಸುದ್ದಿ ಸಿಗುವ ತನಕ ಅತ್ತೆ ಜಗುಲಿ ಬಿಟ್ಟು ಏಳಲಿಲ್ಲ. ನೀರು ಮುಟ್ಟಲಿಲ್ಲ. ದಾರಿಯಲ್ಲಿ ಹೋದವರನ್ನೆಲ್ಲ, ಕೊನೆಗೆ ಅಂಚೆಯವನನ್ನೂ, ‘ಬಂದ್ರಾ?’ ಎಂದು ಕೇಳಿದರು. ಗಂಡಸರು ಬಂದ ಮೇಲೂ ಕೇಳುವುದು ನಿಲ್ಲಲಿಲ್ಲ. ದೇವು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ‘ಬಂದ್ನಾ?’ ಎನ್ನುತ್ತಿದ್ದರು. ಡಾಕ್ಟರ ಮಾತ್ರೆಗೂ ನಿಲ್ಲಲಿಲ್ಲ, ಹರಕೆಗೂ ನಿಲ್ಲಲಿಲ್ಲ. ಬಲ್ಬು ಹಾಕಿದ ಮೇಲೆ ನಿಂತಿತು. ಈಗ ಬಲ್ಬಿನ ಕೆಳಗೆ ಕೂತು ಬಲೆ ಹೊಲಿಯುತ್ತಾರೆ, ನಡುನಡುವೆ ತಲೆ ಎತ್ತಿ ನೋಡುತ್ತಾರೆ, ಮತ್ತೆ ಹೊಲಿಯುತ್ತಾರೆ. ನೋಟೀಸಿನ ವಿಷಯ ಅವರಿಗೆ ಇನ್ನೂ ಹೇಳಿಲ್ಲ.

ಆದ್ದರಿಂದ ನನ್ನ ಬೇಡಿಕೆ. ನೋಟೀಸು ಹಿಂದಕ್ಕೆ ತೆಗೆದುಕೊಳ್ಳಿ, ಬಂದು ಪೆಟ್ಟಿಗೆ ಪರೀಕ್ಷಿಸಿ. ಆ್ಯಪು ಬೇಕೇ ಬೇಕೆಂದರೆ ಇರಲಿ, ಅದರ ಮೊದಲ ಪ್ರಶ್ನೆ ತೆಗೆಯಿರಿ, ಬೀಗ ಬಿದ್ದ ದಿನ ಫೋನ್ ಎತ್ತುವ ಒಬ್ಬ ಮನುಷ್ಯನ ನಂಬರು ಬರೆದು ಕೊಡಿ. ಇದಾವುದೂ ಆಗುವುದಿಲ್ಲವೆಂದರೆ, ಸರಿ, ಜುಲೈ ಮೂವತ್ತೊಂದರ ಸಂಜೆ ನನ್ನ ಕೈಯಾರೆ ವಯರು ಕೀಳುತ್ತೇನೆ. ಆದರೆ ಆಗಸ್ಟ್ ಒಂದರ ಬೆಳಿಗ್ಗೆ ತಾವು ನಮ್ಮ ಮನೆಗೆ ಬರಬೇಕು. ಜಗುಲಿಯಲ್ಲಿ ಚಾಪೆ ಹಾಸಿರುತ್ತೇನೆ. ಗಂಜಿ, ಒಣಮೀನಿನ ಚಟ್ನಿ ಕೊಡುತ್ತೇನೆ. ಬೋಟು ಬರುವ ತನಕ ಅತ್ತೆಯ ಪಕ್ಕದಲ್ಲಿ ಕೂತಿರಬೇಕು. ಅವರು ಆರಿದ ಬಲ್ಬನ್ನು ನೋಡುತ್ತಾರೆ, ಆಮೇಲೆ ನಿಮ್ಮನ್ನು ನೋಡುತ್ತಾರೆ, ‘ಬಂದ್ರಾ?’ ಎಂದು ಕೇಳುತ್ತಾರೆ. ಉತ್ತರ ನೀವು ಕೊಡಬೇಕು. ಅವರು ಮತ್ತೆ ಕೇಳುತ್ತಾರೆ. ಮತ್ತೆ ನೀವೇ ಕೊಡಬೇಕು.

ಇಂತಿ,
ಕಂಪನಿಯ ದಾಖಲೆಯಲ್ಲಿ ಮೂರು ವರ್ಷದ ಬೋಟೊಂದರ ತಾಯಿ (ಒಪ್ಪಿಗೆ ಇನ್ನೂ ಪರಿಶೀಲನೆಯಲ್ಲಿದೆ),
ತಮ್ಮ ದಾಖಲೆಯಲ್ಲಿ ಅನಧಿಕೃತ ಸಾಧನದ ಮಾಲೀಕಳು,
ಸುಬ್ಬಿಯ ಸೊಸೆ ಸುಚಿತಾ
ಬೆಳಕೆ, ಭಟ್ಕಳ ತಾಲೂಕು